ಹಾಲೇಶನ ಲೈಟು

ಭಾನುವಾರ ಬೆಳಿಗ್ಗೆ ಹಾಲೇಶ್ ಫೋನ್ ಮಾಡಿ, ‘ಲೇ ಮೇಷ್ಟ್ರೇ, ದುರ್ಗಕ್ಕೆ ಹೋಗಾಣ ಬಾ, ನನಗೊಂದು ಲೈಟು ಆರಿಸಿಕೊಡು, ಮತ್ತೆ ಗುಡ್ಡ ಹತ್ತಬೇಕು ಅನ್ನಿಸೈತೆ’ ಎಂದಾಗ ಗೋವರ್ಧನನಿಗೆ ಏನೂ ಅನ್ನಿಸಲಿಲ್ಲ. ಏನಾದರೂ ಅನ್ನಿಸಲಿ ಎಂದು ಫೋನನ್ನು ಕಿವಿಗೆ ಹಿಡಿದುಕೊಂಡೇ ಸ್ವಲ್ಪ ಹೊತ್ತು ಕಾದ. ಎದೆ ಡವಗುಟ್ಟಬಹುದು, ಬಾಯಿ ಒಣಗಬಹುದು ಎಂದುಕೊಂಡ. ಆಗಿದ್ದು ಇಷ್ಟೇ: ಹಾಲು ಉಕ್ಕುತ್ತಿದೆ ನೋಡ್ರಿ ಎಂದು ಹೆಂಡತಿ ಭಾಗ್ಯ ಬಚ್ಚಲಿನಿಂದ ಕೂಗಿದಳು, ಅವನು ಹೋಗಿ ಗ್ಯಾಸ್ ಆರಿಸಿದ, ‘ಹೂಂ, ಹತ್ತು ಗಂಟೆ ಬಸ್ಸಿಗೆ ಬರ್ತೀನಿ’ ಎಂದ. ಆಮೇಲೆ ಗಡ್ಡ ಕೆರೆದುಕೊಳ್ಳುತ್ತ ಕನ್ನಡಿಯೊಳಗಿನ ಮುಖ ನೋಡಿದ. ಹೊಳಲ್ಕೆರೆಯ ಪಿಯು ಕಾಲೇಜಿನಲ್ಲಿ ಹದಿನೇಳು ವರ್ಷದಿಂದ ಭೌತಶಾಸ್ತ್ರ ಹೇಳಿಕೊಡುತ್ತಿರುವ ಮುಖ. ಆರು ತಿಂಗಳ ಹಿಂದೆ ಫ್ಯಾನಿನ ಗುಡ್ಡದ ಇಳಿಜಾರಿನಲ್ಲಿ ಹಾಲೇಶನ ಸೈಕಲ್ಲಿನ ಲೈಟು ಆರಿಹೋದದ್ದು, ಹಾಲೇಶ್ ಕೊರಕಲಿಗೆ ಬಿದ್ದು ತೊಡೆ ಮುರಿದುಕೊಂಡದ್ದು ಈ ಮುಖದವನಿಂದ. ಅದು ಬೇರೆ ಯಾರಿಗೂ ಗೊತ್ತಿಲ್ಲ. ಊರಿಗೆ ಗೊತ್ತಿರುವುದು ಬೇರೆ: ಹಾಲೇಶ್ ಬ್ಯಾಟರಿ ಚಾರ್ಜಿಗೆ ಹಾಕುವುದನ್ನು ಮರೆತಿದ್ದ. ಹಾಲೇಶನಿಗೂ ಗೊತ್ತಿರುವುದು ಅದೇ. ಇವತ್ತು ಹೇಳಿಬಿಡಬೇಕು ಎಂದುಕೊಂಡ ಗೋವರ್ಧನ. ಹೀಗೆ ಅಂದುಕೊಂಡ ದಿನಗಳು ಬಹಳ ಆಗಿದ್ದವು. ಅಂದುಕೊಳ್ಳುವುದೂ ಹಲ್ಲುಜ್ಜುವ ಹಾಗೆ ಬೆಳಗಿನ ಕೆಲಸಗಳಲ್ಲಿ ಒಂದಾಗಿಬಿಟ್ಟಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಹಾಲೇಶ್ ಆಗಲೇ ಬಂದು ಕೂತಿದ್ದ. ಕೈಯಲ್ಲಿ ಈಗ ಅಭ್ಯಾಸಕ್ಕಷ್ಟೇ ಉಳಿದ ಕೋಲು, ಹೆಗಲಿಗೆ ಬಟ್ಟೆಯ ಚೀಲ, ಮುಖದ ಮೇಲೆ ಬೀಗರ ಮನೆಗೆ ಹೊರಟವನ ಗೆಲುವು. ಬಸ್ಸು ಬಂದಾಗ ಎದ್ದು ಜೇಬು ಮುಟ್ಟಿ ನೋಡಿಕೊಂಡ, ಚೀಲದ ಬಾಯಿ ಬಿಚ್ಚಿ ಒಳಗೆ ಕಣ್ಣಾಡಿಸಿದ, ಮೆಟ್ಟಿಲ ಮೇಲೆ ಒಂದು ಕಾಲಿಟ್ಟವನು ಮತ್ತೆ ತಿರುಗಿ ತಾನು ಕೂತಿದ್ದ ಕಲ್ಲುಬೆಂಚನ್ನು ನೋಡಿದ. ‘ಏನೂ ಬಿಟ್ಟಿಲ್ಲ ಅಲ್ವೇನೋ?’ ಎಂದು ಗೋವರ್ಧನನನ್ನೇ ಕೇಳಿದ. ಇಲ್ಲ ಎಂದ ಗೋವರ್ಧನ. ಮೊದಲು ಈ ಮನುಷ್ಯ ಹೀಗಿರಲಿಲ್ಲ. ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು, ಡಾಕ್ಟರ ಕೋಳಿಕಾಲಿನ ಅಕ್ಷರವನ್ನು ಒಂದೇ ನೋಟಕ್ಕೆ ಓದಿ, ಹಿಂದೆ ತಿರುಗದೆ ಕೈಚಾಚಿ ಬೇಕಾದ ಗುಳಿಗೆಯ ಪಟ್ಟಿ ಎಳೆದು ಕೊಡುತ್ತಿದ್ದವನು. ಈಗ ಚೀಟಿಯನ್ನು ಅವನು ಓದುತ್ತಾನೆ, ಗುಳಿಗೆ ತೆಗೆಯುತ್ತಾನೆ, ಎರಡನ್ನೂ ಪಕ್ಕದ ಸ್ಟೂಲಿನಲ್ಲಿ ಕೂತ ಹೆಂಡತಿ ದೇವಿಕಾಳಿಗೆ ಕೊಡುತ್ತಾನೆ. ಅವಳು ಮತ್ತೊಮ್ಮೆ ಓದಿ, ಹೋಲಿಸಿ, ಆಮೇಲೆ ಗಿರಾಕಿಯ ಕೈಗಿಡುತ್ತಾಳೆ. ‘ಚಾರ್ಜಿಗೆ ಹಾಕೋ ನೆನಪಿಲ್ದೋರಿಗೆ ಜನರ ಜೀವದ ನೆನಪು ಇರ್ತೈತಾ?’ ಎಂದು ಅವಳು ಮೊದಲ ಸಲ ಅಂದದ್ದು ಸಿಟ್ಟಿಗೆ. ಆಮೇಲೆ ಅದು ಮನೆಯ ಗಾದೆಯಾಯಿತು. ಒಂದು ದಿನ ತಲೆನೋವಿನ ಗುಳಿಗೆಗೆ ಹೋದಾಗ ಗೋವರ್ಧನನ ಎದುರಿಗೇ ಬರಗೇರಮ್ಮ ಎಂಬ ಮುದುಕಿ, ‘ಏನಪ್ಪ, ನಿನ್ನ ಹೆಂಡ್ತಿ ಪಾಸ್ ಮಾಡಿದ್ರೇನಾ ಮಾತ್ರೆ ಸಿಗಾದು?’ ಎಂದಿದ್ದಳು. ಹಾಲೇಶ್ ನಕ್ಕಿದ್ದ. ಅವನ ಮಗಳು ಸಹನಾ ಈಗ ಅಪ್ಪನ ಸ್ಕೂಟರಿನಲ್ಲಿ ಶಾಲೆಗೆ ಹೋಗುವುದಿಲ್ಲ, ಆಟೋ ಬರುತ್ತದೆ. ಕಾಲು ಸರಿಯಿಲ್ಲ ಎಂಬುದು ಹೊರಗಿನವರಿಗೆ ಹೇಳುವ ಕಾರಣ. ಕಾಲು ಸರಿಹೋಗಿ ಎರಡು ತಿಂಗಳಾಯಿತು, ಆಟೋ ನಿಂತಿಲ್ಲ.

ಕಿಟಕಿಯ ಪಕ್ಕ ಹಾಲೇಶ್, ಈಚೆ ಇವನು. ಬಸ್ಸು ಚಿತ್ರಹಳ್ಳಿ ಗೇಟು ದಾಟುವವರೆಗೂ ಹಾಲೇಶ್ ಲೈಟಿನ ಮಾತನ್ನೇ ಆಡಿದ. ಒಂದು ಸಾವಿರ ಲುಮೆನ್ ಸಾಕಾ, ಎರಡು ಬೇಕಾ. ಹ್ಯಾಂಡಲ್ಲಿಗೆ ಒಂದು ಹಾಕಿ ಹೆಲ್ಮೆಟ್ಟಿಗೆ ಇನ್ನೊಂದು ಹಾಕಿದರೆ ಹೇಗೆ. ಬ್ಯಾಟರಿ ಒಳಗೇ ಇರುವುದು ಒಳ್ಳೆಯದಾ, ಬೇರೆ ಡಬ್ಬಿಯದಾ. ಗೋವರ್ಧನ ತರಗತಿಯಲ್ಲಿ ಹೇಳುವ ಹಾಗೆ ಒಂದೊಂದಕ್ಕೇ ಉತ್ತರ ಹೇಳಿದ. ಹ್ಯಾಂಡಲ್ಲಿನದು ಅಗಲಕ್ಕೆ ಹರಡಬೇಕು, ಕಾಲಬುಡದ ಕಲ್ಲು ಕಾಣಬೇಕು. ಹೆಲ್ಮೆಟ್ಟಿನದು ಉದ್ದಕ್ಕೆ ಹೋಗಬೇಕು, ತಲೆ ತಿರುಗಿಸಿದ ಕಡೆ ತಿರುವು ಕಾಣಬೇಕು. ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ. ‘ಅದೇ ನೋಡು, ಅವತ್ತು ಇನ್ನೊಂದು ಇದ್ದಿದ್ರೆ’ ಎಂದು ಹಾಲೇಶ್ ನಕ್ಕ. ಅವತ್ತು ಇನ್ನೊಂದು ಇರಲಿಲ್ಲ. ಅವತ್ತು ಶನಿವಾರ, ಸಂಜೆ ಆರೂವರೆ. ಹಗಲು ಯಾರಿಗೂ ಬಿಡುವಿಲ್ಲ, ಬಿಸಿಲೂ ತಡೆಯುವಂಥದಲ್ಲ ಎಂದು ಕತ್ತಲಾದ ಮೇಲೆ ಗುಡ್ಡ ಹತ್ತುವ ರೂಢಿ ಮಾಡಿಕೊಂಡಿದ್ದ ಮೂವರು: ಇವನು, ಹಾಲೇಶ್, ಬ್ಯಾಂಕಿನ ಕೊಟ್ರೇಶ್. ತಾಳ್ಯದ ದಿಕ್ಕಿನ ಗುಡ್ಡದ ನೆತ್ತಿಯ ಮೇಲೆ ಸಾಲಾಗಿ ಗಾಳಿಯಂತ್ರಗಳಿವೆ. ಪಠ್ಯದಲ್ಲಿ ಗಾಳಿಯಂತ್ರ, ಈ ಕಡೆಯವರ ಬಾಯಲ್ಲಿ ಫ್ಯಾನು. ಫ್ಯಾನಿನ ಭಾರೀ ರೆಕ್ಕೆಗಳನ್ನು ಸಾಗಿಸಲು ಕಂಪನಿಯವರು ಕಡಿದ ಜಲ್ಲಿಯ ದಾರಿ, ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಏನೂ ಇಲ್ಲ. ಆ ದಾರಿ ಹತ್ತುವಾಗ ಉಸಿರು ಕಟ್ಟುತ್ತದೆ, ಇಳಿಯುವಾಗ ವಯಸ್ಸು ಮರೆಯುತ್ತದೆ. ಇಳಿಯುವುದಕ್ಕೇ ಮೂವರೂ ಹತ್ತುತ್ತಿದ್ದುದು. ನಲವತ್ತು ದಾಟಿದವರು ಯಾರೂ ನೋಡದ ಕಡೆ ಹೋ ಎಂದು ಕೂಗಿಕೊಂಡು ಇಳಿಯುವುದರಲ್ಲಿ ಏನು ಸುಖವಿದೆ ಎಂದು ಭಾಗ್ಯ ಕೇಳಿದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ.

ಗುಡ್ಡದ ಬುಡದಲ್ಲಿ ಹಾಲೇಶ್ ಸೈಕಲ್ಲು ನಿಲ್ಲಿಸಿ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬರಲು ರಸ್ತೆಯಾಚೆಯ ಗೂಡಂಗಡಿಗೆ ಹೋಗಿದ್ದ. ಕೊಟ್ರೇಶ್ ಫೋನಿನಲ್ಲಿದ್ದ. ಗೋವರ್ಧನ ಹಾಲೇಶನ ಸೈಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಒಂದೊಂದು ಲೈಟಿಗೂ ಎರಡೆರಡು ಸೆಲ್ಲು, ಬೆರಳಿಗಿಂತ ಸ್ವಲ್ಪ ದಪ್ಪದವು, ಸೈಕಲ್ಲಿನ ಕಂಬಿಗೆ ಪಟ್ಟಿ ಸುತ್ತಿ ಬಿಗಿದ ಪುಟ್ಟ ಡಬ್ಬಿಯಲ್ಲಿ. ತನ್ನ ಜೋಡಿಯಲ್ಲಿ ಒಂದು ಸೆಲ್ಲು ಸೋತಿದೆ ಎಂದು ಅವನಿಗೆ ಆ ವಾರವೇ ಗೊತ್ತಾಗಿತ್ತು. ಲ್ಯಾಬಿನಲ್ಲಿ ಅಳೆದು ನೋಡಿದ್ದ. ತುಂಬ ಚಾರ್ಜ್ ಆದಂತೆ ನಾಲ್ಕು ಹಸಿರು ಚುಕ್ಕಿ ತೋರಿಸುತ್ತದೆ, ಅರ್ಧ ದಾರಿಗೆ ಬರಿದಾಗುತ್ತದೆ. ಹೊಸದು ತರಬೇಕು ಎಂದುಕೊಂಡು ಸೋಮಾರಿತನದಿಂದ ತಂದಿರಲಿಲ್ಲ. ಈಗ ಹಾಲೇಶನ ಡಬ್ಬಿಯಿಂದ ಒಂದು ಒಳ್ಳೆಯ ಸೆಲ್ಲು ತೆಗೆದು ತನ್ನದಕ್ಕೆ ಹಾಕಿಕೊಂಡ, ತನ್ನ ಸೋತದ್ದನ್ನು ಹಾಲೇಶನದಕ್ಕೆ ತುರುಕಿದ. ಒಂದು ನಿಮಿಷದ ಕೆಲಸ. ಲೆಕ್ಕವೂ ಹಾಕಿದ್ದ: ತಾನು ಮುಂದೆ ಹೋಗುವವನು, ಮುಂದಿನವನಿಗೆ ಬೆಳಕು ಬೇಕು, ಹಿಂದಿನವರು ಮುಂದಿನ ಬೆಳಕನ್ನು ಹಿಡಿದು ಬರುತ್ತಾರೆ. ಒಂದು ಗಂಟೆಗೇನೂ ಮೋಸವಿಲ್ಲ. ಲೆಕ್ಕ ತಪ್ಪಿರಲಿಲ್ಲ. ಆದರೆ ಮೇಲೆ ಹತ್ತಿ, ಫ್ಯಾನಿನ ಕಂಬದ ಬುಡದಲ್ಲಿ ಪೇಪರು ಹಾಸಿ ಮಂಡಕ್ಕಿ ಸುರಿದಾಗ, ತನ್ನ ಲೈಟು ಉಳಿಸಿಕೊಳ್ಳಬೇಕೆಂದು, ‘ಹಾಲೇಶಾ, ನಿನ್ನದೊಂದು ಉರೀತಿರ್ಲಿ, ನಮ್ಮವು ಆರಿಸ್ತೀವಿ’ ಎಂದಿದ್ದ. ಯಾಕೆ ಹಾಗೆಂದ? ಆರು ತಿಂಗಳಿಂದ ಇದನ್ನು ತಿರುವಿ ತಿರುವಿ ನೋಡಿದ್ದಾನೆ. ಸೆಲ್ಲು ಬದಲಾಯಿಸಿದ್ದಕ್ಕೆ ಒಂದು ಕಾರಣವಾದರೂ ಇತ್ತು. ಇದಕ್ಕೆ ಇದ್ದುದು ಬರೀ ಅಭ್ಯಾಸ, ತನ್ನದು ಸವೆಯಬಾರದು ಎಂಬ ಅಭ್ಯಾಸ. ಹಾಲೇಶ್ ಹೂಂ ಎಂದು ಖುಷಿಯಿಂದ ಸೈಕಲ್ಲನ್ನು ಹತ್ತಿರ ತಂದು, ಬೆಳಕು ಸರಿಯಾಗಿ ಮಂಡಕ್ಕಿಯ ಮೇಲೆ ಬೀಳುವಂತೆ ಹ್ಯಾಂಡಲ್ ತಿರುಗಿಸಿ ನಿಲ್ಲಿಸಿದ್ದ. ದೊಡ್ಡ ಮಿರ್ಚಿಯನ್ನು ಗೋವರ್ಧನನ ಕಡೆ ತಳ್ಳಿದ್ದ.

‘ಏನೋ ಯೋಚ್ನೆ?’ ಎಂದ ಹಾಲೇಶ್ ಬಸ್ಸಿನಲ್ಲಿ. ಏನಿಲ್ಲ ಎಂದ. ಏನಿಲ್ಲ ಎಂಬುದು ನಿಜವೇ ಆಗಿತ್ತು. ಬಿದ್ದ ಸದ್ದನ್ನು ನೆನೆದರೂ ಈಗ ಏನೂ ಆಗುತ್ತಿರಲಿಲ್ಲ. ಮೊದಮೊದಲು ರಾತ್ರಿ ಎದ್ದು ಕೂರುತ್ತಿದ್ದ. ಹಿಂದಿನಿಂದ ‘ಲೈಟು’ ಎಂದು ಒಂದೇ ಮಾತು, ಆಮೇಲೆ ಜಲ್ಲಿ ಉರುಳಿದ ಸದ್ದು, ಆಮೇಲೆ ತಲೆಯ ಮೇಲೆ ಫ್ಯಾನಿನ ರೆಕ್ಕೆ ತಿರುಗುವ ಸದ್ದು. ಈಗ ಅದೆಲ್ಲ ಪಕ್ಕದ ಮನೆಯ ಟಿವಿಯ ಸದ್ದಿನಂತೆ ಎಲ್ಲೋ ನಡೆಯುತ್ತಿರುತ್ತದೆ, ಇವನು ಊಟ ಮಾಡುತ್ತಿರುತ್ತಾನೆ. ಆಸ್ಪತ್ರೆಯ ವರಾಂಡದಲ್ಲಿ ಕೊಟ್ರೇಶ್, ‘ಚಾರ್ಜೇ ಹಾಕಿಲ್ಲ ಕಣೋ ಈ ಪುಣ್ಯಾತ್ಮ, ಅಲ್ದಿದ್ರೆ ಹಂಗೆ ಪಟ್ ಅಂತ ಹೆಂಗೆ ಆರ್ತೈತೆ?’ ಎಂದಿದ್ದ. ದೇವಿಕಾ ಸೆರಗು ಬಾಯಿಗಿಟ್ಟುಕೊಂಡು ಗೋವರ್ಧನನ ಮುಖ ನೋಡಿದ್ದಳು. ಸೆಲ್ಲಿನ ವಿಷಯ ಅಂದರೆ ಗೋವರ್ಧನನ ಮಾತೇ ಕೊನೆ ಎಂದು ಅವಳಿಗೂ ಗೊತ್ತು. ‘ಇರಬಹುದು’ ಎಂದಿದ್ದ ಅವನು. ಸುಳ್ಳು ಹೇಳಲಿಲ್ಲ ನಾನು, ಇರಬಹುದು ಅಂದೆ ಅಷ್ಟೆ ಎಂದು ಆಮೇಲೆ ತನಗೆ ತಾನೇ ವಕೀಲನಾಗಿ ವಾದ ಮಾಡಿದ್ದುಂಟು. ಮತ್ತು ತೊಡೆಗೆ ರಾಡು ಹಾಕಿಸಿಕೊಂಡು ಮಲಗಿದ್ದ ಹಾಲೇಶ್ ಎರಡನೆಯ ದಿನ ಕಣ್ಣುಬಿಟ್ಟು, ‘ಹಸಿರು ಚುಕ್ಕಿ ನೋಡ್ದಂಗೆ ನೆನಪೈತೆ. ಆದ್ರೆ ನೋಡಿಲ್ಲೇನೋ’ ಎಂದಿದ್ದ. ಮೂರನೆಯ ದಿನ ನೋಡಿಲ್ಲ ಎಂದೇ ಹೇಳತೊಡಗಿದ್ದ. ಹೀಗೆ ಒಬ್ಬ ಮನುಷ್ಯನ ಕಣ್ಣು ಕಂಡದ್ದು ಮೂರು ದಿನದಲ್ಲಿ ಅಳಿಸಿಹೋಯಿತು.

ರೌಫ್ ಭಾಯಿಯ ಅಂಗಡಿ ದುರ್ಗದ ಹಳೇ ಊರಿನ ಕಡೆ, ಎರಡಾಳು ಅಗಲದ್ದು. ಅಜ್ಜನ ಕಾಲಕ್ಕೆ ಲಾಟೀನು ಮತ್ತು ಪೆಟ್ರೊಮ್ಯಾಕ್ಸ್ ರಿಪೇರಿ, ಅಪ್ಪನ ಕಾಲಕ್ಕೆ ಟಾರ್ಚು, ಈಗ ಬ್ಯಾಟರಿ ಮತ್ತು ಸೈಕಲ್ ಲೈಟು. ಬಿಳಿ ಗಡ್ಡದ ರೌಫ್ ಕನ್ನಡಕ ಹಣೆಗೇರಿಸಿ, ‘ಬರ್ರಿ ಬರ್ರಿ, ಹಾಲೇಶಪ್ಪಾರು ಎದ್ದು ಓಡಾಡಂಗಾದ್ರಲ್ಲ, ಅಲ್ಲಾ ದೊಡ್ಡೋನು. ಕುಂತ್ಕಳ್ರಿ’ ಎಂದು ತಾನು ಕೂತಿದ್ದ ಕುರ್ಚಿಯನ್ನೇ ಹಾಲೇಶನಿಗೆ ಬಿಟ್ಟುಕೊಟ್ಟ. ನಾಲ್ಕಾರು ಲೈಟು ಇಳಿಸಿದ. ಒಂದೊಂದನ್ನೂ ಹೊತ್ತಿಸಿ ಅಂಗಡಿಯ ಕೊನೆಯ ಕತ್ತಲ ಮೂಲೆಗೆ ಹಿಡಿದು ತೋರಿಸಿದ. ಒಂದರ ಬೆಳಕು ನಡುವೆ ಉರಿದು ಸುತ್ತ ಕತ್ತಲಾಗಿತ್ತು, ಇನ್ನೊಂದರದು ಗೋಡೆಯ ತುಂಬ ಹದವಾಗಿ ಹರಡಿತು. ‘ಇದು ತಗಳ್ರಿ. ಬೆಳಕು ಜಾಸ್ತಿ ಇರಾದು ದೊಡ್ಡದಲ್ಲ, ಎಲ್ಲಿ ಬೀಳ್ತೈತೆ ಅನ್ನಾದು ದೊಡ್ಡದು. ಸ್ವಲ್ಪ ಹಳದಿ ಐತೆ, ಧೂಳಿನಾಗೆ ಕಣ್ಣು ಕುಕ್ಕಲ್ಲ.’ ಹಾಲೇಶ್ ಗೋವರ್ಧನನ ಮುಖ ನೋಡಿದ. ಗೋವರ್ಧನ ಹೂಂ ಎಂದ ಮೇಲೆ ಹಾಲೇಶನೂ ಹೂಂ ಎಂದ. ಆಮೇಲೆ ಸೆಲ್ಲು. ಮೈಮೇಲೆ ದೊಡ್ಡ ಅಂಕಿ ಅಚ್ಚಾದ ಒಂದು ಕೆಂಪು ಸೆಲ್ಲನ್ನು ರೌಫ್ ಹಾಲೇಶನ ಅಂಗೈಗೆ ಹಾಕಿದ, ಇನ್ನೊಂದು ಅಂಗೈಗೆ ಬಣ್ಣಗೆಟ್ಟ ಹಸಿರು ಸೆಲ್ಲನ್ನು ಹಾಕಿದ. ‘ಯಾವುದು ತೂಕ?’ ‘ಹಸಿರುದು.’ ‘ಹಾಂ. ಕೆಂಪುದು ಬರೇ ಬಾಯಿ. ಮೇಲೆ ಬರೆದಿರಾದು ಹೆಣ್ಣು ನೋಡಾಕೆ ಬಂದೋರು ಹೇಳೋ ಮಾತಿದ್ದಂಗೆ, ನಂಬಂಗಿಲ್ಲ.’

ರೌಫನಿಗೆ ಒಂದು ಪದ್ಧತಿ ಇತ್ತು. ಯಾವ ಸೆಲ್ಲನ್ನೂ ಬಿಡಿಯಾಗಿ ಕೊಡುತ್ತಿರಲಿಲ್ಲ. ಒಂದೊಂದನ್ನೂ ಪೂರ್ತಿ ತುಂಬಿಸಿ, ಪೂರ್ತಿ ಬರಿದು ಮಾಡಿ, ಎಷ್ಟು ಹಿಡಿಯುತ್ತದೆ ಎಂದು ಅಳೆದು, ಸಮಸಮ ಇರುವ ಎರಡನ್ನು ಆರಿಸಿ, ಎರಡರ ಮೇಲೂ ಮಾರ್ಕರಿನಿಂದ ಒಂದೇ ಅಂಕಿ ಬರೆದು ಕೊಡುತ್ತಿದ್ದ. ಇದು ನಿಕಾಹ್ ಆದಂಗೆ, ಜೋಡಿ ಒಡೀಬ್ಯಾಡ್ರಿ ಎಂದು ಪ್ರತಿ ಗಿರಾಕಿಗೂ ಹೇಳುತ್ತಿದ್ದ. ಈಗ ಹೊಸ ಜೋಡಿ ತೆಗೆಯುವಾಗ, ‘ಹಳೇ ಡಬ್ಬಿ ತಂದೀರೇನು? ಕೊಡ್ರಿ, ಸತ್ತಿದ್ರೆ ನಾನೇ ಇಟ್ಕಂತೀನಿ, ಮನೇಲಿ ಮಕ್ಳು ಮುಟ್ಟಬಾರ್ದು’ ಎಂದ. ಹಾಲೇಶ್ ಚೀಲದಿಂದ ಡಬ್ಬಿ ತೆಗೆದ. ಗೋವರ್ಧನ ಅದನ್ನು ಆರು ತಿಂಗಳಿಂದ ನೋಡಿರಲಿಲ್ಲ. ಬಿದ್ದ ಸೈಕಲ್ಲನ್ನು ಯಾರೋ ಟೆಂಪೋದಲ್ಲಿ ಹಾಕಿ ಹಾಲೇಶನ ಮನೆಗೆ ಮುಟ್ಟಿಸಿದ್ದರು, ಡಬ್ಬಿ ಅದರಲ್ಲೇ ಉಳಿದಿತ್ತು. ಎರಡು ಸಲ, ಹೇಗಾದರೂ ಮಾಡಿ ಮತ್ತೆ ಅದಲುಬದಲು ಮಾಡಿಬಿಡೋಣವೆಂದು ಹಾಲೇಶನ ಸೆಲ್ಲನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡು ಅವನ ಆರೋಗ್ಯ ವಿಚಾರಿಸಲು ಹೋಗಿದ್ದ. ದೇವಿಕಾ ಉಪ್ಪಿಟ್ಟು ಕೊಟ್ಟಿದ್ದಳು. ತಿಂದು ಬಂದಿದ್ದ. ಕೂತಾಗ ಜೇಬಿನ ಸೆಲ್ಲು ತೊಡೆಗೆ ಒತ್ತುತ್ತಿತ್ತು, ಹಾಲೇಶನ ಮುರಿದ ತೊಡೆಯ ಎದುರಿಗೆ ಕೂತು ಆ ನೋವು ತಿನ್ನುವುದರಲ್ಲೂ ಒಂದು ಥರ ಸಮಾಧಾನ ಸಿಕ್ಕಿತ್ತು. ಎಂಥ ಅಗ್ಗದ ಸಮಾಧಾನ ಎಂದುಕೊಂಡ ಈಗ.

ರೌಫ್ ಡಬ್ಬಿ ಬಿಚ್ಚಿದ. ಕನ್ನಡಕ ಇಳಿಸಿಕೊಂಡ. ಒಂದು ಸೆಲ್ಲಿನ ಮೇಲೆ ಹದಿನಾಲ್ಕು ಎಂದಿತ್ತು, ಇನ್ನೊಂದರ ಮೇಲೆ ಒಂಬತ್ತು. ಮೀಟರಿನ ಕಡ್ಡಿ ಮುಟ್ಟಿಸಿ ನೋಡಿದ. ‘ಹದಿನಾಲ್ಕು ಇನ್ನೂ ಜೀವ ಹಿಡಕಂಡೈತೆ. ಒಂಬತ್ತು ಸತ್ತೈತೆ’ ಎಂದ. ಆಮೇಲೆ, ‘ಇದರ ಜೊತೆ ಇದು ಹೆಂಗೆ ಬಂತು?’ ಎಂದ. ಹಾಲೇಶ್ ಬಗ್ಗಿ ನೋಡಿದ. ರೌಫ್ ಅವನಿಗೆ ತಿಳಿಯುವಂತೆ ಹೇಳಿದ, ‘ನೋಡ್ರಿ, ಜೋಡಿನಾಗೆ ಒಂದು ಸೋತ್ರೆ ಇನ್ನೊಂದು ಎಷ್ಟು ಗಟ್ಟಿ ಇದ್ರೂ ಅಷ್ಟೆ. ಮಂಕಾಗಲ್ಲ, ಮಿಣುಕಲ್ಲ, ಪಟ್ ಅಂತ ಆರಿಬಿಡ್ತೈತೆ.’ ‘ಚಾರ್ಜ್ ತುಂಬಿದ್ರೂ?’ ಎಂದ ಹಾಲೇಶ್. ‘ತುಂಬಿದ್ರೂ. ನಾಲ್ಕೂ ಹಸಿರು ತೋರಿಸ್ತೈತೆ, ಹೊಟ್ಯಾಗೆ ಏನಿರಲ್ಲ.’ ಹೊರಗೆ ಒಬ್ಬ ತಳ್ಳುಗಾಡಿಯವನು ಸೀಬೆಹಣ್ಣು ಕೂಗುತ್ತ ಹೋದ. ರೌಫ್ ಒಂಬತ್ತನೇ ಸೆಲ್ಲನ್ನು ಬೆರಳಲ್ಲಿ ತಿರುಗಿಸುತ್ತ ಗೋವರ್ಧನನ ಕಡೆ ನೋಡಿದ. ಒಂಬತ್ತನೇ ಜೋಡಿಯನ್ನು ಎರಡು ವರ್ಷದ ಹಿಂದೆ ಇದೇ ಅಂಗಡಿಯಲ್ಲಿ ಇದೇ ಕೈಯಿಂದ ಗೋವರ್ಧನ ತೆಗೆದುಕೊಂಡಿದ್ದ. ರೌಫ್ ತನ್ನ ಜೋಡಿಗಳನ್ನು ಮರೆಯುವವನಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಗೋವರ್ಧನನ ಕೈ ಮಾತ್ರ ಬಿದ್ದಲ್ಲೇ ಬಿದ್ದಿತ್ತು. ಈಗ, ಎಂದುಕೊಂಡ. ಬಾಯಿ ತೆರೆದ ಕೂಡ. ಅಷ್ಟರಲ್ಲಿ ಹಾಲೇಶ್, ‘ನಾನೇ ಹಾಕಿರ್ತೀನಿ’ ಎಂದ. ‘ಮನೇಲಿ ಯಾವ್ಯಾವೋ ಹಳೇ ಸೆಲ್ಲು ಬಿದ್ದಿರ್ತವೆ. ಚಾರ್ಜ್ ಹಾಕಾದು ಮರ್ತೆ ಅಂತಿದ್ದೆ, ಸೆಲ್ಲೂ ತಪ್ಪು ಹಾಕಿದೀನಿ ನೋಡ್ರಿ. ನನ್ನಂಥೋನು ಔಷಧಿ ಅಂಗಡಿ ಇಟ್ಟೀನಿ.’ ಎಂದು ನಕ್ಕ. ಬರಗೇರಮ್ಮನ ಮುಂದೆ ನಕ್ಕ ಹಾಗೆಯೇ. ರೌಫ್ ನಗಲಿಲ್ಲ. ಒಂಬತ್ತನ್ನು ಮರಳು ತುಂಬಿದ ಡಬ್ಬಕ್ಕೆ ಹಾಕಿ ಕೈ ಒರೆಸಿಕೊಂಡ. ಹೊರಡುವಾಗ ಗೋವರ್ಧನನಿಗೆ, ‘ಮೇಷ್ಟ್ರೇ, ನೀವು ತಿಳಿದೋರು’ ಎಂದಷ್ಟೇ ಅಂದ.

ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಎರಡು ಟೀ ಹೇಳಿ ಕೂತ ಮೇಲೆ ಗೋವರ್ಧನ ಹೇಳಿದ. ಎಷ್ಟೊಂದು ಸುಲಭವಾಗಿ ಹೇಳಿದನೆಂದರೆ ಅವನಿಗೇ ಆಶ್ಚರ್ಯವಾಯಿತು. ‘ಹಾಲೇಶಾ, ಆ ಒಂಬತ್ತನೇ ಸೆಲ್ಲು ನಂದು. ಅವತ್ತು ಗುಡ್ಡದ ಬುಡದಲ್ಲಿ ನೀನು ಮಂಡಕ್ಕಿ ತರಾಕೆ ಹೋದಾಗ ನಿನ್ನದೊಂದು ತಗಂಡು ನನ್ನದು ಹಾಕ್ದೆ. ನಂದು ಸೋತಿತ್ತು, ಗೊತ್ತಿತ್ತು ನನಗೆ. ನೀನು ಚಾರ್ಜ್ ಹಾಕಿದ್ದೆ. ಹಸಿರು ಚುಕ್ಕಿ ನೋಡಿದ್ದೆ. ಮೇಲೆ ಹತ್ತಿದ ಮೇಲೂ ನಿನ್ನ ಲೈಟೇ ಉರೀಲಿ ಅಂದೋನು ನಾನು. ಆಸ್ಪತ್ರೇಲಿ ಸುಮ್ನಿದ್ದೋನೂ ನಾನೇ.’ ಹಾಲೇಶ್ ಟೀ ಲೋಟದ ಅಂಚನ್ನು ಬೆರಳಿನಿಂದ ಒರೆಸುತ್ತ ಕೇಳಿದ. ಅವನ ಮುಖದಲ್ಲಿ ಏನೋ ಒಂದು ಬಂದು ಹೋಯಿತು. ಇದೀಗ ಬೈಯುತ್ತಾನೆ, ಕೋಲು ಎತ್ತುತ್ತಾನೆ, ಎದ್ದು ಹೋಗುತ್ತಾನೆ ಎಂದು ಗೋವರ್ಧನ ಕಾದ. ಕಾಯುವುದರಲ್ಲಿ ಬಹಳ ದಿನಗಳ ಮೇಲೆ ಏನೋ ಅನ್ನಿಸತೊಡಗಿತ್ತು, ಕಾಲು ಜೋಮು ಬಿಡುವಾಗ ಆಗುವಂತೆ. ಹಾಲೇಶ್ ಕೈಚಾಚಿ ಅವನ ಮಣಿಕಟ್ಟು ಹಿಡಿದ. ‘ರೌಫ್ ಭಾಯಿ ಅಂಗಡೀಲಿ ನನ್ನ ಮುಖ ನೋಡಾಕಾಗ್ಲಿಲ್ಲ ಅಲ್ವೇನೋ ನಿನಗೆ?’ ಎಂದ.

‘ನಿಜ ಹೇಳ್ತಿದೀನಿ ಕಣೋ.’

‘ಗೊತ್ತೈತೆ ಬಿಡೋ, ನನಗೆ ನೋವಾಗ್ಬಾರ್ದು ಅಂತ ಹೇಳ್ತಿದೀಯ. ಮೇಷ್ಟ್ರು ಪಾಠ ಒಪ್ಪಿಸ್ದಂಗೆ ಒಂದು ಅಕ್ಷರ ಆಚೀಚೆ ಆಗ್ದಂಗೆ ಹೇಳಿದ್ಯಲ್ಲ. ಬಸ್ಸಲ್ಲಿ ಮಾತಾಡ್ದೆ ಇದನ್ನೇ ಹೊಂದಿಸ್ತಿದ್ದೆ ಅನ್ನು.’ ಹಾಲೇಶನ ಕಣ್ಣು ತೇವವಾಗಿತ್ತು. ‘ಅವತ್ತು ಆಸ್ಪತ್ರೇಲೂ ಅಷ್ಟೆ. ಕೊಟ್ರೇಶ ಬೈದ, ದೇವಿಕಾ ಬೈದ್ಲು, ನಮ್ಮ ಮಾವ ಊರಿಂದ ಬಂದು ಬೈದ. ನೀನೊಬ್ನೇ ಬೈಲಿಲ್ಲ. ಇರಬಹುದು ಅಂದೆ. ಅದನ್ನ ನಾನು ಮರೆಯಲ್ಲ.’

ಗೋವರ್ಧನ ಮತ್ತೊಮ್ಮೆ ಹೇಳಲು ಹೋದ. ಆದರೆ ಆರು ತಿಂಗಳು ಮನಸ್ಸಿನೊಳಗೇ ತಿದ್ದಿ ತೀಡಿದ ಮಾತು ನಿಜವಾಗಿಯೂ ಪಾಠದಂತೆಯೇ ಕೇಳುತ್ತಿತ್ತು, ಅವನ ಕಿವಿಗೂ. ಒಂದು ಮಾತು ಉಳಿದಿತ್ತು. ರೌಫ್ ಭಾಯಿಯನ್ನು ಕೇಳು, ಒಂಬತ್ತು ಯಾರಿಗೆ ಕೊಟ್ಟಿದ್ದು ಅಂತ ಹೇಳ್ತಾನೆ. ಇಲ್ಲ, ನಮ್ಮನೆಗೆ ಬಾ, ನಿನ್ನ ಇನ್ನೊಂದು ಹದಿನಾಲ್ಕು ನನ್ನ ಲೈಟಿನಲ್ಲಿ ಐತೆ. ಅಷ್ಟು ಹೇಳಿದ್ದರೆ ಸಾಕಿತ್ತು. ನಾಲಗೆಯ ತುದಿಗೆ ಬಂದದ್ದು ಅಲ್ಲೇ ಕೂತಿತು. ಹೇಳಿದ್ದೇನಲ್ಲ, ಎಂದಿತು ಒಳಗಿನ ವಕೀಲ. ಹೇಳುವುದು ನಿನ್ನ ಕೆಲಸ, ನಂಬುವುದು ಅವನ ಕೆಲಸ. ಹಾಲೇಶ್ ಹೇಳುತ್ತಿದ್ದ, ‘ಈಗ ನೀನಂದಿದ್ದು ನಿಜ ಅಂತಲೇ ಇಟ್ಕಳಾಣ. ಆದ್ರೆ ನನಗೆ ಮರೆವು ಬಂದಿರಾದು ನಿಜ ತಾನೆ? ಮೊನ್ನೆ ಒಂದು ಸಕ್ಕರೆ ಕಾಯಿಲೆ ಮಾತ್ರೆ ತೆಗೆಯಾಕೆ ಹೋಗಿ ಬೇರೇದು ತೆಗೆದಿದ್ದೆ, ದೇವಿಕಾ ಹಿಡಿದ್ಲು. ಮೊದ್ಲಿಂದ ಹಿಂಗೇ ಇದ್ನೇನೋ, ಗೊತ್ತಾಗಿರ್ಲಿಲ್ಲ. ಬಿದ್ದಿದ್ದು ಒಳ್ಳೇದೇ ಆಯ್ತು ಅನ್ಕಂತೀನಿ.’ ಮೊದಲಿಂದ ನೀನು ಹೀಗಿರಲಿಲ್ಲ, ತನ್ನನ್ನೇ ನಂಬದವನ ಕೈ ತಪ್ಪುತ್ತದೆ ಅಷ್ಟೆ ಎಂದು ಹೇಳಬೇಕಿತ್ತು. ಗೋವರ್ಧನನಿಗೆ ಹಸಿವಾಯಿತು. ನಾಚಿಕೆಯಾಗುವಷ್ಟು ಹಸಿವು. ಎರಡು ಮಸಾಲೆ ದೋಸೆ ತರಲು ಹೇಳಿದ, ತನ್ನದನ್ನು ಚಟ್ನಿಯ ಸಮೇತ ಪೂರ್ತಿ ತಿಂದ.

ಹೊಳಲ್ಕೆರೆಯಲ್ಲಿ ಇಳಿದಾಗ ಬಿಸಿಲು ಬಾಗಿತ್ತು. ಮನೆಗೆ ಬಂದೇ ಹೋಗಬೇಕು ಎಂದು ಹಾಲೇಶ್ ಬಿಡಲಿಲ್ಲ. ಅಂಗಡಿಯ ಹಿಂದೆಯೇ ಮನೆ. ಭಾನುವಾರವಾದ್ದರಿಂದ ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ದೇವಿಕಾ ನೀರು ತಂದಳು, ‘ಬರ್ರಿ ಅಣ್ಣ, ಕುಂತ್ಕಳ್ರಿ’ ಎಂದಳು. ಗಂಡನ ಕೈಯಲ್ಲಿದ್ದ ಹೊಸ ಲೈಟಿನ ಪೊಟ್ಟಣ ನೋಡಿ ಅವಳ ಮುಖ ಬಿಗಿಯಿತು. ‘ಅಂದ್ರೆ ಹೋಗಾದೇ ಅಂತ ತೀರ್ಮಾನ ಆತಾ?’ ಹಾಲೇಶ್ ಅದಕ್ಕೆ ಉತ್ತರ ಕೊಡದೆ, ಹೊರಗಿನಿಂದ ಸಿಹಿ ತಂದವನ ಹುರುಪಿನಲ್ಲಿ ಹೇಳಿದ, ‘ಈ ಮೇಷ್ಟ್ರು ಏನಂದ ಗೊತ್ತಾ ಇವತ್ತು? ನನ್ನ ಲೈಟಿಗೆ ತಪ್ಪು ಸೆಲ್ಲು ಹಾಕ್ದೋನು ತಾನೇ ಅಂತೆ. ಗುಡ್ಡದ ಬುಡದಾಗೆ ಬದಲಾಯಿಸಿದ್ನಂತೆ. ನಂದೇನೂ ತಪ್ಪಿಲ್ವಂತೆ. ನನ್ನ ಸಮಾಧಾನ ಮಾಡಾಕೆ ಎಂಥ ಕತೆ ಕಟ್ಯಾನೆ ನೋಡು.’

ದೇವಿಕಾ ನಗಲಿಲ್ಲ. ಕೈಯಲ್ಲಿದ್ದ ಖಾಲಿ ಲೋಟ ಹಿಡಿದುಕೊಂಡೇ ಗೋವರ್ಧನನನ್ನು ನೋಡಿದಳು. ಗಂಡನ ಚೀಟಿಗಳನ್ನು ಆರು ತಿಂಗಳಿಂದ ಎರಡನೆಯ ಸಲ ಓದುತ್ತ ಬಂದ ಕಣ್ಣು ಅವು, ಸುಮ್ಮನೆ ಹಾದುಹೋಗುವ ಕಣ್ಣಲ್ಲ. ‘ಅಣ್ಣ’ ಎಂದಳು ಮೆಲ್ಲಗೆ, ‘ನಿಜಾನಾ?’ ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದದ್ದು ಆಸೆ ಎಂದು ಗೋವರ್ಧನನಿಗೆ ತಿಳಿಯಿತು. ನಿಜ ಎಂದರೆ ಅವಳಿಗೆ ತನ್ನ ಗಂಡ ವಾಪಸು ಸಿಗುತ್ತಾನೆ, ಕಣ್ಣುಮುಚ್ಚಿ ಗುಳಿಗೆ ತೆಗೆಯುತ್ತಿದ್ದ ಗಂಡ. ನಾಳೆಯಿಂದ ಆಟೋದವನಿಗೆ ಬರಬೇಡ ಎನ್ನಬಹುದು. ಸ್ಟೂಲು ಎತ್ತಿ ಒಳಗಿಡಬಹುದು. ಒಂದೇ ಮಾತು. ಅವಳು ನಂಬುತ್ತಿದ್ದಳು, ಇದು ಖಂಡಿತ. ಹಾಗಾಗಿಯೇ ಹೋಟೆಲಿನಲ್ಲಿ ಅಷ್ಟು ಸರಾಗವಾಗಿ ಬಂದ ಮಾತು ಇಲ್ಲಿ ಬರಲಿಲ್ಲ. ಹಾಲೇಶ್ ನಂಬುವುದಿಲ್ಲ ಎಂದು ಗೊತ್ತಿದ್ದೇ ತಾನು ಹಾಲೇಶನಿಗೆ ಹೇಳಿದೆನೇ ಎಂಬ ಯೋಚನೆ ಬಂತು, ಬಂದು ನಿಂತಿತು. ಅವನು ನೆಲ ನೋಡಿದ. ನೆಲಕ್ಕೆ ಹೊಸದಾಗಿ ಟೈಲ್ಸ್ ಹಾಕಿಸಿದ್ದರು, ಒಂದು ಮೂಲೆಯಲ್ಲಿ ಸಿಮೆಂಟು ಇನ್ನೂ ಕೆರೆದಿರಲಿಲ್ಲ.

‘ಏ, ಅವನನ್ನ ಯಾಕೆ ಮುಜುಗರ ಮಾಡ್ತೀಯ’ ಎಂದ ಹಾಲೇಶ್. ‘ಒಳ್ಳೇತನಕ್ಕೆ ಅಂದ, ಬಿಡು.’

ದೇವಿಕಾ ಇನ್ನೂ ಸ್ವಲ್ಪ ಹೊತ್ತು ಕಾದಳು. ಗೋವರ್ಧನ ತಲೆ ಎತ್ತಲಿಲ್ಲ. ಅವಳು ಅದನ್ನು ಸಂಕೋಚವೆಂದೇ ತಿಳಿದಿರಬೇಕು, ಏಕೆಂದರೆ ಉಸಿರು ಬಿಟ್ಟು, ಸೆರಗಿನಿಂದ ಕಣ್ಣಂಚು ಒತ್ತಿಕೊಂಡು, ‘ಒಡಹುಟ್ಟಿದೋರೂ ಹಿಂಗೆ ತಪ್ಪು ಮೈಮೇಲೆ ಹಾಕ್ಕಳಲ್ಲ ಅಣ್ಣ’ ಎಂದಳು. ‘ಹೋಗ್ಲಿ, ನಾನು ಬ್ಯಾಡ ಅನ್ನಲ್ಲ. ಆ ಗುಡ್ಡ ಹತ್ತಿ ಇಳಿದ್ರೇನೇ ಈ ಮನುಷ್ಯನ ಮುಖದಾಗೆ ಕಳೆ. ಆದ್ರೆ ಒಂದು ಮಾತು. ಈ ಬ್ಯಾಟ್ರಿ, ಚಾರ್ಜು, ಸೆಲ್ಲು ಎಲ್ಲಾ ನಿಮ್ಮ ಕೈಯಾಗೇ ಇರ್ಬೇಕು. ನೀವೇ ಮನೇಲಿಟ್ಕಂಡು ನೀವೇ ಹಾಕಿಕೊಡ್ರಿ. ಇವ್ರ ಕೈಗೆ ಕೊಟ್ರೆ ನನಗೆ ನಿದ್ದೆ ಬರಲ್ಲ.’ ಪೊಟ್ಟಣವನ್ನು ಗಂಡನ ಕೈಯಿಂದ ತೆಗೆದು ಗೋವರ್ಧನನ ಮುಂದೆ ಹಿಡಿದಳು. ಅವನ ಕೈ ತಾನಾಗಿ ಮೇಲೆದ್ದಿತು. ಪೊಟ್ಟಣ ಇಷ್ಟು ಹಗುರಾಗಿದೆ ಎಂದು ಅಂಗಡಿಯಲ್ಲಿ ಅನ್ನಿಸಿರಲಿಲ್ಲ.

‘ಆಗಲಿ ತಂಗಿ, ನಾನು ನೋಡ್ಕಂತೀನಿ’ ಎಂದ. ದನಿ ಎಂದಿನಂತೆಯೇ ಇತ್ತು.

‘ಕೇಳಿಸ್ತಾ?’ ಎಂದಳು ದೇವಿಕಾ ಗಂಡನಿಗೆ. ‘ಇನ್ಮೇಲೆ ನೀವು ಇದನ್ನ ಮುಟ್ಟಂಗಿಲ್ಲ.’

ಹಾಲೇಶ್ ಗೋವರ್ಧನನನ್ನು ನೋಡಿ ಸಂತೋಷದಿಂದ ತಲೆಯಾಡಿಸಿದ. ‘ಇಲ್ಲ, ಮುಟ್ಟಲ್ಲ’ ಎಂದ.